ಎಣ್ಣೆ ಡಬ್ಬ ಯಾರ ಲೆಕ್ಕಕ್ಕೆ?

ಓದುಗರ ಪ್ರಶ್ನೆಗಳಿಗೆ ಡಾಕ್ಟರಮ್ಮನ ಉತ್ತರ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ದೊಡ್ಡ ಮಗನಿಗೆ ಹನ್ನೆರಡು ವರ್ಷ, ಏಳನೇ ತರಗತಿ. ತೂಕ 61 ಕೆ.ಜಿ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ‘ಬೊಜ್ಜು’ ಎಂದು ಚೀಟಿ ಬರೆದು ಕಳುಹಿಸಿದ್ದಾರೆ. ಅಂದಿನಿಂದ ಮನೆಯಲ್ಲಿ ದಿನವೂ ಪಂಚಾಯಿತಿ. ಹುಡುಗನಿಗೆ ಬಾಯಿಯ ಮೇಲೆ ಹಿಡಿತವಿಲ್ಲ ಎನ್ನುತ್ತಾರೆ ಯಜಮಾನರು. ಸೊಸೆ ಪೊಟ್ಟಣದ ತಿಂಡಿ ಕೊಟ್ಟು ಮಗುವನ್ನು ಕೆಡಿಸಿದಳು, ನಾವು ಬೆಣ್ಣೆ ತಿಂದು ಬೆಳೆದರೂ ಹೀಗೆ ಊದಲಿಲ್ಲ ಎನ್ನುತ್ತಾರೆ ಅತ್ತೆ. ನಾನು ಬ್ಯಾಂಕ್ ಉದ್ಯೋಗಿ, ಮನೆಗೆ ಬರುವಾಗ ಸಂಜೆ ಆರೂವರೆ. ನಾಲ್ಕು ಗಂಟೆಗೆ ಅವನಿಗೆ ಮಂಡಕ್ಕಿ, ಮಿರ್ಚಿ ತರಿಸಿಕೊಡುವವರು ಅತ್ತೆಯವರೇ. ಭಾನುವಾರ ಬೆಣ್ಣೆ ದೋಸೆಗೆ ಕರೆದೊಯ್ಯುವವರು ಯಜಮಾನರು. ಶಾಲೆಯ ಗೇಟಿನ ಎದುರಿಗೇ ಚಿಪ್ಸ್, ತಂಪು ಪಾನೀಯದ ಅಂಗಡಿ. ಮನೆಯಲ್ಲಿ ಐದು ಜನ, 15 ಕೆ.ಜಿ.ಯ ಎಣ್ಣೆ ಡಬ್ಬ ಎರಡು ತಿಂಗಳಿಗೆ ಖಾಲಿಯಾಗುತ್ತದೆ. ತಪ್ಪು ಯಾರದು ಎಂದು ನೀವೇ ಹೇಳಿ.
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಎಣ್ಣೆ ಡಬ್ಬದ್ದು. ಕಾಗದ, ಪೆನ್ನು ತೆಗೆದುಕೊಳ್ಳಿ. 15 ಕೆ.ಜಿ. ಎರಡು ತಿಂಗಳಿಗೆ ಎಂದರೆ ದಿನಕ್ಕೆ 250 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ 50 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೊ ಕ್ಯಾಲೊರಿಯ ಊಟಕ್ಕೆ ಹೇಳಿರುವ ಎಣ್ಣೆ, ಕೊಬ್ಬು ಸುಮಾರು 27 ಗ್ರಾಂ. ತುಪ್ಪ, ಬೆಣ್ಣೆ ಎಲ್ಲವೂ ಅದರೊಳಗೇ ಬರಬೇಕು. ಆ ಲೆಕ್ಕದಲ್ಲಿ ನಿಮ್ಮ ಡಬ್ಬ ಮೂರೂವರೆ ತಿಂಗಳು ದಾಟಬೇಕಿತ್ತು. ಒಂದು ಗ್ರಾಂ ಎಣ್ಣೆಗೆ 9 ಕಿಲೊ ಕ್ಯಾಲೊರಿ. ಹಾಗಾಗಿ ನಿಮ್ಮ ಮನೆಯ ಪ್ರತಿಯೊಬ್ಬರಿಗೂ, ಹೊರಗಿನ ತಿಂಡಿ ಬಿಟ್ಟು, ದಿನಕ್ಕೆ ಇನ್ನೂರು ಕಿಲೊ ಕ್ಯಾಲೊರಿ ಮನೆಯ ಬಾಣಲೆಯಿಂದಲೇ ಹೆಚ್ಚುವರಿಯಾಗಿ ಸಿಗುತ್ತಿದೆ. ನೆಂಟರು ಬಂದರು, ಕರಿದು ಉಳಿದದ್ದನ್ನು ಚೆಲ್ಲಿದೆವು ಎಂದು ಒಂದಿಷ್ಟು ಕಳೆಯಿರಿ. ಆದರೂ ಲೆಕ್ಕ ಸರಿಹೋಗುವುದಿಲ್ಲ.

ಈ ಡಬ್ಬದ ಯಾವ ಹಂತದಲ್ಲಿ ಹನ್ನೆರಡು ವರ್ಷದ ಹುಡುಗ ಬರುತ್ತಾನೆ? ತಂದವನು ಅವನಲ್ಲ. (15 ಕೆ.ಜಿ.ಯ ಡಬ್ಬವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬರುವವರು ನಮ್ಮೂರಿನಲ್ಲಿ ಸಾಮಾನ್ಯವಾಗಿ ಗಂಡಸರೇ. ನಿಮ್ಮ ಯಜಮಾನರು ಇದನ್ನು ಓದಲಿ.) ಒಗ್ಗರಣೆಗೆ ಸುರಿದವನೂ ಅವನಲ್ಲ, ಸಂಜೆಗೆ ಏನಾದರೂ ಕರಿಯಲಿ ಎಂದು ತೀರ್ಮಾನಿಸಿದವನೂ ಅವನಲ್ಲ. ದುಡ್ಡಿನ ಚೀಲ, ಸೌಟು, ಅಂಗಡಿಯ ಪರವಾನಗಿ, ಇವು ಯಾರ ಕೈಯಲ್ಲಿವೆಯೋ ಹೊಣೆಯೂ ಅಷ್ಟರಮಟ್ಟಿಗೆ ಅವರದೇ. ತಟ್ಟೆಗೆ ಬಿದ್ದದ್ದನ್ನು ತಿನ್ನುವ ಮಗುವಿನ ಪಾಲು ಎಲ್ಲರಿಗಿಂತ ಕಡಿಮೆ. ವಿಚಿತ್ರವೆಂದರೆ ಬೈಗುಳದ ಪಾಲು ಮಾತ್ರ ಅವನಿಗೇ ಹೆಚ್ಚು.

ಬಾಯಿಯ ಹಿಡಿತದ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಗಂಡಸರಲ್ಲಿ ಅತಿತೂಕ ಅಥವಾ ಬೊಜ್ಜು ಇದ್ದವರು ಶೇ 22.1. 2019–21ರ ಸಮೀಕ್ಷೆಯಲ್ಲಿ ಶೇ 30.9. ಹೆಂಗಸರಲ್ಲಿ ಶೇ 23.3 ಇದ್ದದ್ದು ಶೇ 30.1 ಆಯಿತು. ನಾಲ್ಕೈದು ವರ್ಷಗಳಲ್ಲಿ ಇಡೀ ರಾಜ್ಯದ ಜನ ಒಟ್ಟಾಗಿ ನಾಲಿಗೆಯ ಹತೋಟಿ ಕಳೆದುಕೊಂಡರು ಎಂದು ನಂಬಲು ನನಗಂತೂ ಸಾಧ್ಯವಿಲ್ಲ. ಬದಲಾದದ್ದು ಸುತ್ತಲಿನ ಅಂಗಡಿ, ದುಡಿಮೆಯ ಬಗೆ. ತಾಳೆ ಎಣ್ಣೆ ಅಗ್ಗವಾಗಿ ಸಿಕ್ಕಿದ್ದರಿಂದ ಕರಿದ ಪೊಟ್ಟಣಗಳು ಐದು, ಹತ್ತು ರೂಪಾಯಿಗೆ ಹಳ್ಳಿಯ ಗೂಡಂಗಡಿಯಲ್ಲೂ ನೇತಾಡುತ್ತಿವೆ.

ನಿಮ್ಮ ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲದಲ್ಲಿ ಬೆಣ್ಣೆ ತಿಂದವರು ಊದದೆ ಇದ್ದದ್ದು ನಿಜ. ಆದರೆ ಆಗ ಈ ಊರು ಹತ್ತಿ ಗಿರಣಿಗಳ ಊರು. ಪಾಳಿಯ ಮೇಲೆ ಯಂತ್ರದ ಮುಂದೆ ನಿಂತೇ ದುಡಿದು, ನಡೆದು ಮನೆ ಸೇರಿ, ಜೋಳದ ರೊಟ್ಟಿಗೆ ಒಂದು ಮುದ್ದೆ ಬೆಣ್ಣೆ ಹಾಕಿಕೊಂಡು ತಿಂದವರ ಮೈಗೆ ಅದು ಹತ್ತುತ್ತಿರಲಿಲ್ಲ. ನೀರು ಸೇದುವುದು, ಬೀಸುವುದು, ಒಗೆಯುವುದು ಹೆಂಗಸರ ಪಾಲಿಗಿತ್ತು. ನಿಮ್ಮ ಮಗ ಶಾಲೆಯ ವ್ಯಾನಿನಿಂದ ಇಳಿದು ಟ್ಯೂಷನ್ನಿನ ಬೆಂಚಿಗೆ ಹೋಗುತ್ತಾನೆ, ಅಲ್ಲಿಂದ ಮೊಬೈಲಿಗೆ. ಅಜ್ಜಿಯ ಬೆಣ್ಣೆ ಬೇಕೆಂದರೆ ಅಜ್ಜಿಯ ದುಡಿಮೆಯೂ ಬೇಕಾಗುತ್ತದೆ.

ಇನ್ನು ಮಂಡಕ್ಕಿ. ದಾವಣಗೆರೆಯಲ್ಲಿದ್ದುಕೊಂಡು ಅದನ್ನು ಬೈದರೆ ನನ್ನನ್ನು ಊರು ಬಿಡಿಸುತ್ತಾರೆ. ಬೈಯುವ ಅಗತ್ಯವೂ ಇಲ್ಲ. ಒಂದು ತಟ್ಟೆ ಮಂಡಕ್ಕಿಯನ್ನು ತೂಗಿ ನೋಡಿ, ಹೆಚ್ಚೆಂದರೆ ಮೂವತ್ತು, ನಲವತ್ತು ಗ್ರಾಂ, ಬಹುಪಾಲು ಗಾಳಿ. ಈರುಳ್ಳಿ, ಟೊಮೆಟೊ, ಹುರಿಗಡಲೆ ಪುಡಿ, ನಿಂಬೆರಸ ಬಿದ್ದರೆ ಸಂಜೆಗೆ ಒಳ್ಳೆಯ ತಿಂಡಿಯೇ. ತಕರಾರು ಪಕ್ಕದಲ್ಲಿ ಕೂರುವ ಮಿರ್ಚಿಯದ್ದು. ಒಂದು ಮಿರ್ಚಿಯನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಐದು ನಿಮಿಷ ಇಡಿ, ಎಣ್ಣೆ ಎಷ್ಟು ದೂರ ಹರಡುತ್ತದೆ ಎಂದು ಅತ್ತೆಯವರಿಗೆ ತೋರಿಸಿ. (ನೋಡಿದ ಮೇಲೆ ಅದನ್ನು ತಿನ್ನಬೇಡಿ, ಪತ್ರಿಕೆಯ ಶಾಯಿ ಅಂಟಿರುತ್ತದೆ.) ಮಂಡಕ್ಕಿ ಇರಲಿ, ಮಿರ್ಚಿ ವಾರಕ್ಕೊಮ್ಮೆ ಎಂದು ಅವರೇ ನಿಯಮ ಮಾಡಲಿ. ಸೊಸೆ ಮಾಡಿದ ನಿಯಮ ಆ ಮನೆಯಲ್ಲಿ ನಿಲ್ಲುವುದಿಲ್ಲ ಎಂಬುದು ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ.

ಗೇಟಿನ ಎದುರಿನ ಅಂಗಡಿಯ ವಿಷಯ ಮನೆಯ ಪಂಚಾಯಿತಿಗೆ ಸೇರಿದ್ದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ನೀವು ಇನ್ನೂ ನಾಲ್ಕು ತಾಯಂದಿರನ್ನು ಸೇರಿಸಿಕೊಂಡು ಮುಖ್ಯೋಪಾಧ್ಯಾಯರಿಗೂ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಬರವಣಿಗೆಯಲ್ಲಿ ಅರ್ಜಿ ಕೊಡಿ. ಅಂಗಡಿಯವನ ಮೇಲೆ ಕೂಗಾಡಬೇಡಿ. ಅವನ ಹೊಟ್ಟೆಪಾಡು ಅದು. ಬಾಳೆಹಣ್ಣು, ಕಡಲೆಮಿಠಾಯಿ, ಮಜ್ಜಿಗೆ ಇಟ್ಟರೂ ಮಕ್ಕಳು ಕೊಳ್ಳುತ್ತಾರೆ.

ಸರ್ಕಾರದ ಪಾಲೂ ದೊಡ್ಡದು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಕೊಬ್ಬು ಅತಿಯಾದ ತಿನಿಸಿನ ಪೊಟ್ಟಣಗಳ ಮುಂಭಾಗದಲ್ಲಿ ‘ಸಕ್ಕರೆ ಹೆಚ್ಚು’, ‘ಕೊಬ್ಬು ಹೆಚ್ಚು’ ಎಂಬ ಕಪ್ಪು ಎಂಟುಮೂಲೆಯ ಮುದ್ರೆ ಕಡ್ಡಾಯ. ನಮ್ಮಲ್ಲಿ 2022ರಲ್ಲಿ ಹೊರಟ ಕರಡು ನಿಯಮದಲ್ಲಿ ಅದರ ಬದಲು ಸಿನಿಮಾ ವಿಮರ್ಶೆಯ ಹಾಗೆ ನಕ್ಷತ್ರ ಕೊಡುವ ಆಲೋಚನೆ ಇತ್ತು. ಚಿಪ್ಸಿಗೆ ಒಂದೂವರೆ ನಕ್ಷತ್ರ ಕೊಟ್ಟರೆ ಮಗುವಿಗೆ ಅದು ಬಹುಮಾನದಂತೆಯೇ ಕಾಣುತ್ತದೆ. ಹಿಂಬದಿಯ ಸಣ್ಣ ಅಕ್ಷರ ಓದಲು ನನಗೆ ಕನ್ನಡಕದ ಜೊತೆ ಭೂತಗನ್ನಡಿಯೂ ಬೇಕು. ಓದಿದರೆ ಸಿಗುವುದೇನು? 100 ಮಿ.ಲೀ. ಕೋಲಾದಲ್ಲಿ ಹತ್ತು ಗ್ರಾಂಗೂ ಮೀರಿ ಸಕ್ಕರೆ. ಕಾಲು ಲೀಟರ್ ಬಾಟಲಿ ಕುಡಿದರೆ ಐದು ಟೀ ಚಮಚ ಸಕ್ಕರೆ ಹೊಟ್ಟೆಗೆ ಹೋಯಿತು. ಚಹಾಕ್ಕೆ ಐದು ಚಮಚ ಹಾಕಿಕೊಳ್ಳುವವರನ್ನು ನಾವು ಹುಚ್ಚರೆನ್ನುತ್ತೇವೆ.

ಹುಡುಗನ ಎತ್ತರವನ್ನು ನೀವು ಬರೆದಿಲ್ಲ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಅಳತೆ ಅವನಿಗೆ ಹೊಂದುವುದಿಲ್ಲ. ಮಕ್ಕಳ ವೈದ್ಯರ ಬಳಿ ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆ ಇರುತ್ತದೆ, ಅದರಲ್ಲಿ ಗುರುತು ಹಾಕಿಸಿ. ರಕ್ತದೊತ್ತಡ ನೋಡಲಿ. ಕತ್ತಿನ ಹಿಂಭಾಗದಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನೂ ತೋರಿಸಿ. ಎಷ್ಟು ತಿಕ್ಕಿದರೂ ಹೋಗದ ಆ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸುಳಿವು. ಬೆಳೆಯುವ ಹುಡುಗನನ್ನು ಉಪವಾಸ ಕೆಡವಬೇಡಿ. ತೂಕ ಏರುವುದು ನಿಂತರೆ ಎತ್ತರ ಬಂದು ಸರಿದೂಗಿಸುತ್ತದೆ. ಅವನೊಬ್ಬನಿಗೇ ಬೇರೆ ಅಡುಗೆ ಬೇಡ, ಐವರಿಗೂ ಒಂದೇ. ಮುಂದಿನ ಸಲ ಡಬ್ಬದ ಬದಲು ಲೀಟರ್ ಪೊಟ್ಟಣಗಳನ್ನು ತನ್ನಿ, ತಿಂಗಳಿಗೆ ನಾಲ್ಕೂವರೆ ಲೀಟರಿಗೆ ನಿಲ್ಲಿಸಿ. ಅವನ ಎದುರು ‘ದಡಿಯ’ ಎನ್ನುವ ಶಬ್ದ ಯಾರ ಬಾಯಿಯಿಂದಲೂ ಬರಬಾರದು, ತಮಾಷೆಗೂ.

ಪ್ರಶ್ನೆ: ನಾನು ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತೇನೆ. ಬೊಜ್ಜಿನ ಮಾತು ಬಂದಾಗಲೆಲ್ಲ ಊರಿನವರು ನಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ಬೆಣ್ಣೆ ಕಡಿಮೆ ಹಾಕಿದರೆ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ನಾವು ಮಾಡಬೇಕಾದದ್ದೇನು?
— ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಮಾಲೀಕರೇ, ನಿಮ್ಮ ತಿಂಡಿಯ ಹೆಸರಿನಲ್ಲೇ ಬೆಣ್ಣೆ ಇದೆ. ಗಿರಾಕಿಯ ಕಣ್ಣೆದುರೇ ಹಾಕುತ್ತೀರಿ. ಮುಚ್ಚುಮರೆ ಇಲ್ಲದ ಕಡೆ ತಿಂದವರ ಪಾಲೂ ಸಾಕಷ್ಟು ಇರುತ್ತದೆ. ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದು, ಬೆವರು ಆರುವ ಮೊದಲೇ ನಿಮ್ಮಲ್ಲಿಗೆ ಬಂದು ಕೂರುವವರನ್ನು ನೀವೂ ಕಂಡಿರುತ್ತೀರಿ. ಆ ನಡಿಗೆಗೆ ಕರಗುವುದು ಹೆಚ್ಚುಕಡಿಮೆ 150 ಕಿಲೊ ಕ್ಯಾಲೊರಿ. ದೋಸೆ, ಪಲ್ಯ ಬಿಟ್ಟು 20 ಗ್ರಾಂ ಬೆಣ್ಣೆಯೊಂದರಲ್ಲೇ ಅಷ್ಟಿರುತ್ತದೆ. ವಾರಕ್ಕೊಮ್ಮೆ ತಿನ್ನುವವರಿಗೆ ನಿಮ್ಮಿಂದ ಅಪಾಯವಿಲ್ಲ. ನಾನೂ ತಿನ್ನುತ್ತೇನೆ, ಕಾವಲಿಯ ಮೇಲೆ ಬೆಣ್ಣೆ ಕರಗುವ ವಾಸನೆಗೆ ನನ್ನ ಎಂಬಿಬಿಎಸ್ ಸಾಲುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು: ‘ಬೆಣ್ಣೆ ಎಷ್ಟಿರಲಿ?’ ಎಂದು ಮಾಣಿ ಮೊದಲೇ ಕೇಳಲಿ. ಖಾಲಿ ದೋಸೆಯನ್ನು ಫಲಕದಲ್ಲಿ ಮೇಲಿನ ಸಾಲಿಗೆ ತನ್ನಿ. ಬೆಣ್ಣೆಯ ಹೆಸರಿನಲ್ಲಿ ಬೇರೇನನ್ನೋ ಸವರಿದರೆ ಮಾತ್ರ ಹೊಣೆ ಪೂರ್ತಿ ನಿಮ್ಮ ತಲೆಗೆ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ (ವನಸ್ಪತಿಯಂಥವುಗಳಲ್ಲಿ ಇರುವ, ಹೃದಯಕ್ಕೆ ಕೆಟ್ಟ ಕೊಬ್ಬು) ಮಿತಿ ಶೇ 2 ಎಂದು ಕಾನೂನೇ ಇದೆ.

ಪ್ರಶ್ನೆ: ನನಗೆ 27 ವರ್ಷ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಮುಟ್ಟು ಸರಿಯಿಲ್ಲ. ರಾತ್ರಿ ಊಟ ಬಿಟ್ಟರೂ ತೂಕ ಇಳಿಯುತ್ತಿಲ್ಲ. ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಯನ್ನೂ ಮಾಡದೆ ‘ಬಾಯಿ ಕಟ್ಟಿ’ ಎಂದು ಕಳುಹಿಸಿದರು. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳಲೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಪರೀಕ್ಷೆ ಮಾಡದೆ ಬುದ್ಧಿ ಹೇಳುವುದು ವೈದ್ಯವಲ್ಲ, ತಾಯಿ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಜನರ ತೂಕದಲ್ಲಿನ ವ್ಯತ್ಯಾಸಕ್ಕೆ ಶೇ 40ರಿಂದ 70ರಷ್ಟು ವಂಶವಾಹಿಗಳು ಕಾರಣ ಎನ್ನುತ್ತವೆ. ನಿಮ್ಮ ಮೈ ನಿಮ್ಮ ಗುಣನಡತೆಯ ಪ್ರಮಾಣಪತ್ರವಲ್ಲ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನು) ಎಷ್ಟಿದೆ, ಮಾತ್ರೆಯ ಪ್ರಮಾಣ ಸರಿಯಿದೆಯೇ, ಅಂಡಾಶಯದ ತೊಂದರೆ ಇದೆಯೇ ಎಂಬುದನ್ನು ಮೊದಲು ನೋಡಿಸಿ. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಕುಡಿಯಬಾರದು. ಇದನ್ನು ಹೇಳದೆ ಚೀಟಿ ಬರೆಯುವವರು ಬಹಳ. ರಾತ್ರಿಯ ಊಟ ಬಿಡಬೇಡಿ, ಬಿಟ್ಟವರು ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬ ತೆಗೆಯುತ್ತಾರೆ. ರೊಟ್ಟಿ, ಕಾಳಿನ ಪಲ್ಯ, ಮೊಸರು ಎಂಟರೊಳಗೆ ಮುಗಿಯಲಿ.

ಬೊಜ್ಜಿನ ಚಿಕಿತ್ಸೆಗೆಂದು ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದಿವೆ. ಕೆಲಸ ಮಾಡುತ್ತವೆ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮರಳುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಗರ್ಭಿಣಿಯಾಗುವ ಯೋಚನೆ ಇರುವವರಿಗೆ ಸಲ್ಲದು. ಗೆಳತಿಯ ಸಲಹೆಯ ಮೇಲೆ ಔಷಧಿ ಅಂಗಡಿಯಿಂದ ತರಬೇಡಿ. ತಜ್ಞ ವೈದ್ಯರ ಬಳಿ ಹೋಗುವಾಗ ಹಳೆಯ ವರದಿಗಳು, ಮುಟ್ಟಿನ ದಿನಾಂಕಗಳ ಪಟ್ಟಿ, ಹೊಕ್ಕುಳ ಮಟ್ಟದಲ್ಲಿ ಅಳೆದ ಸೊಂಟದ ಸುತ್ತಳತೆ ಇವನ್ನು ಬರೆದುಕೊಂಡು ಹೋಗಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಗಮನ ಬೇಕು. ಅವರೂ ‘ಬಾಯಿ ಕಟ್ಟಿ’ ಎಂದರೆ, ಯಾವ ಹೊತ್ತಿನಲ್ಲಿ, ಯಾವುದಕ್ಕೆ, ಎಷ್ಟು ಎಂದು ಚೀಟಿಯ ಮೇಲೆ ಬರೆಸಿಕೊಂಡೇ ಏಳಿ.