ಮನೆಯಲ್ಲಿ ಕಟ್ಟುವ ವಿಮಾನದ ಪ್ಯಾನಲ್: ಸ್ಕ್ರೀನ್ ಆಮೇಲೆ, ಮೊದಲು ಕೈಗೆ ಸಿಗಬೇಕಾದದ್ದು

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿ ವ್ಯಾನ್ಸ್ ಆರ್‌ವಿ-7ಎ ಕಿಟ್ ತಂದು ವಿಮಾನ ಕಟ್ಟುತ್ತಿದ್ದೀರಿ. ಫ್ಯೂಸ್‌ಲಾಜ್, ಅಂದರೆ ವಿಮಾನದ ಒಡಲು, ಅರ್ಧ ಮುಗಿದಿದೆ. ಪ್ಯಾನಲ್‌ನಲ್ಲಿ, ಅಂದರೆ ಪೈಲಟ್ ಎದುರಿನ ಉಪಕರಣಗಳ ಹಲಗೆಯಲ್ಲಿ, 10 ಇಂಚಿನ ಎರಡು ಸ್ಕ್ರೀನ್ ಹಾಕಬೇಕೆಂದಿದ್ದೀರಿ. ಅವನ್ನು ಎಲ್ಲಿ ಕೂರಿಸಬೇಕು, ಈಗಲೇ ಆರ್ಡರ್ ಮಾಡಬಹುದಾ ಅಂತ ಕೇಳಿದ್ದೀರಿ.

ನಾನೂ ಇಲ್ಲೇ ಇದ್ದೇನೆ, ಅದೇ ಆರ್‌ವಿ-7ಎ ಕಟ್ಟಿ ಹಾರಿಸುತ್ತಿದ್ದೇನೆ. ಈಗ ಆರ್ಡರ್ ಮಾಡಬೇಡಿ ಅನ್ನುವುದು ನನ್ನ ಸಲಹೆ. ಪ್ಯಾನಲ್‌ ಕೆಲಸವನ್ನು ಸ್ಕ್ರೀನಿನಿಂದ ಶುರು ಮಾಡಲೂ ಬೇಡಿ. ಇಂಜಿನ್ ಕೆಮ್ಮಿದಾಗ ನಿಮ್ಮ ಕೈ ಎಲ್ಲೆಲ್ಲಿಗೆ ಹೋಗಬೇಕು ಅನ್ನುವುದರಿಂದ ಶುರು ಮಾಡಿ. ಅವು ಕೂತ ಮೇಲೆ ಉಳಿದ ಜಾಗ ಸ್ಕ್ರೀನಿಗೆ.

ಯಾಕೆ ಅಂದರೆ, 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅದು ಬೇರೊಬ್ಬರು ಕಟ್ಟಿದ್ದ ಲಾಂಗ್-ಈಜೀ ಎಂಬ ಚಿಕ್ಕ ವಿಮಾನ. ಅದರ ವಿನ್ಯಾಸಕ ಬರ್ಟ್ ರುಟಾನ್ ಕೊಟ್ಟ ನಕ್ಷೆಯಲ್ಲಿ ಟ್ಯಾಂಕ್ ಬದಲಿಸುವ ವಾಲ್ವ್ ಪೈಲಟ್‌ನ ಎರಡು ಕಾಲುಗಳ ನಡುವೆ ಇದೆ. ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದರು. ಇಂಧನದ ಪೈಪು ಕಾಕ್‌ಪಿಟ್ ಒಳಗೆ ಬರಬಾರದು ಅನ್ನುವುದು ಅವರ ಕಾರಣ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ಹಿಡಿಕೆ ತಿರುಗಿಸಲು ಪೈಲಟ್ ಸೀಟಿನಲ್ಲೇ ಮೈ ತಿರುಚಿ ಹಿಂದಕ್ಕೆ ಕೈ ಚಾಚಬೇಕಿತ್ತು. ಹಾಗೆ ತಿರುಗುವಾಗ ಬಲಗಾಲು ತಾನಾಗೇ ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಒತ್ತುತ್ತದೆ ಎಂದು ತನಿಖೆಯಲ್ಲಿ ಕಂಡುಬಂತು. ಹಿಡಿಕೆಗೆ ಗುರುತಿರಲಿಲ್ಲ, ಇಂಧನ ತೋರಿಸುವ ಗಾಜಿಗೂ ಗುರುತಿರಲಿಲ್ಲ. ಹೊರಡುವ ಮುಂಚೆ ಇಂಧನ ಸರಿಯಾಗಿ ನೋಡಿಕೊಳ್ಳದೇ ಇದ್ದದ್ದೂ, ಆ ವಿಮಾನದಲ್ಲಿ ಅಭ್ಯಾಸ ಸಾಲದೇ ಇದ್ದದ್ದೂ ವರದಿಯಲ್ಲಿವೆ. ಆದರೆ ವಾಲ್ವನ್ನು ಅಲ್ಲಿ ಹಾಕಿದ ಕಟ್ಟುಗನ ತೀರ್ಮಾನವನ್ನೂ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಕಾರಣಗಳಲ್ಲಿ ಸೇರಿಸಿತು. ಕಟ್ಟುವ ಪ್ರತಿಯೊಬ್ಬರೂ ಆ ವರದಿಯನ್ನು ಒಮ್ಮೆ ಪೂರ್ತಿ ಓದಬೇಕು ಅಂತ ನನಗೆ ಅನ್ನಿಸುತ್ತದೆ.

ಈಗ ನಿಮ್ಮ ವಿಮಾನಕ್ಕೆ ಬರೋಣ. ಆರ್‌ವಿ-7ಎಯಲ್ಲಿ ಎರಡೂ ರೆಕ್ಕೆಯಲ್ಲಿ ತಲಾ 21 ಗ್ಯಾಲನ್ ಟ್ಯಾಂಕ್. ರೆಕ್ಕೆ ಕೆಳಗಿರುವುದರಿಂದ ಇಂಧನ ತಾನಾಗಿ ಇಳಿದು ಬರುವುದಿಲ್ಲ, ಪಂಪೇ ಎಳೆಯಬೇಕು. ಅದಕ್ಕೇ ವಾಲ್ವಿನಲ್ಲಿ ಎಡ, ಬಲ, ಆಫ್ ಅಂತ ಮೂರೇ ಜಾಗ. ಎರಡೂ ಟ್ಯಾಂಕ್ ಒಟ್ಟಿಗೆ ತೆರೆದು ಒಂದು ಖಾಲಿಯಾದರೆ ಪಂಪು ಅಲ್ಲಿಂದ ಗಾಳಿ ಎಳೆದುಕೊಂಡುಬಿಡುತ್ತದೆ. ಹಾಗಾಗಿ ಇಂಜಿನ್ ತಡವರಿಸಿದರೆ ನೀವು ಮಾಡುವ ಮೊದಲ ಕೆಲಸಗಳೆಂದರೆ ಎಲೆಕ್ಟ್ರಿಕ್ ಪಂಪ್ ಆನ್, ಟ್ಯಾಂಕ್ ಬದಲು, ಮಿಕ್ಸ್‌ಚರ್ (ಇಂಧನ-ಗಾಳಿಯ ಬೆರಕೆ ಹೊಂದಿಸುವ ಹಿಡಿಕೆ) ಪೂರ್ತಿ ಒಳಕ್ಕೆ. ಕಾರ್ಬ್ಯುರೇಟರ್ ಇದ್ದರೆ ಅಲ್ಲಿ ಕಟ್ಟಿದ ಹಿಮ ಕರಗಿಸಲು ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಕೂಡ. ಈ ನಾಲ್ಕೂ ಬಲಗೈಯ ಒಂದೇ ಹರವಿನಲ್ಲಿ ಸಿಗಬೇಕು. ಬಲಗೈಯೇ ಯಾಕೆ? ಎಡ ಸೀಟಿನಲ್ಲಿ ಕೂತವರ ಎಡಗೈ ವಿಮಾನ ನಡೆಸುವ ಸ್ಟಿಕ್ ಮೇಲೆ ಇರುತ್ತದೆ, ಇಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಮಧ್ಯದಲ್ಲಿರುತ್ತದೆ. ನಿಮ್ಮ ಗೆಳೆಯರು ಯಾರಾದರೂ ಆರ್‌ವಿ-8 ಕಟ್ಟಿದ್ದರೆ ಅವರ ಪ್ಯಾನಲ್ ಹಾಗೇ ನಕಲು ಮಾಡಬೇಡಿ. ಅದು ಒಬ್ಬರ ಹಿಂದೆ ಒಬ್ಬರು ಕೂರುವ ವಿಮಾನ. ಅಲ್ಲಿ ಥ್ರಾಟಲ್ ಎಡಕ್ಕೆ, ಸ್ಟಿಕ್ ಬಲಗೈಗೆ, ಎಲ್ಲವೂ ಅದಲುಬದಲು.

ವಾಲ್ವ್ ಎರಡು ಸೀಟಿನ ನಡುವೆ ನೆಲದ ಹತ್ತಿರ ಬರುತ್ತದೆ. ಅದು ಒಳ್ಳೆಯ ಜಾಗ, ಸುಮ್ನೆ ಬದಲಿಸಲು ಹೋಗಬೇಡಿ. ತುಂಬಾ ಜನ ಆಂಡೇರ್ ಕಂಪನಿಯ ವಾಲ್ವ್ ಹಾಕಿಕೊಳ್ಳುತ್ತಾರೆ, ನಾನೂ ಹಾಕಿದ್ದೇನೆ. ಅದರ ಹಿಡಿಕೆಯ ಮೇಲೆ ಒಂದು ಚಿಕ್ಕ ಗುಂಡಿ ಇದೆ. ಅದನ್ನು ಬೆರಳಲ್ಲಿ ಮೇಲಕ್ಕೆ ಎತ್ತಿದರೆ ಮಾತ್ರ ಹಿಡಿಕೆ ಆಫ್ ಕಡೆಗೆ ತಿರುಗುತ್ತದೆ. ಎಡದಿಂದ ಬಲಕ್ಕೆ ಅವಸರದಲ್ಲಿ ತಿರುಗಿಸುವಾಗ ತಪ್ಪಿ ಆಫ್‌ಗೆ ಹೋಗುವುದಿಲ್ಲ. ಆ ಜಾಗಕ್ಕೆ ತಲುಪುವ ದಾರಿಯಲ್ಲಿ ಕಪ್ ಹೋಲ್ಡರ್, ಹೆಡ್‌ಸೆಟ್ ವೈರು, ಟ್ಯಾಬ್ಲೆಟ್ ಸ್ಟ್ಯಾಂಡ್ ಯಾವುದೂ ಬರದಂತೆ ನೋಡಿಕೊಳ್ಳಿ.

ಸ್ವಿಚ್‌ಗಳನ್ನು ಒಂದೇ ಸಾಲಿನಲ್ಲಿ, ಒಂದೇ ಥರದವು ಜೋಡಿಸಿದರೆ ಫೋಟೋದಲ್ಲಿ ಚೆಂದ ಕಾಣುತ್ತದೆ. ಆದರೆ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ಪೈಲಟ್‌ಗಳು ಇಳಿದ ಮೇಲೆ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಿಡುವ ಹಲಗೆ) ಎತ್ತಲು ಹೋಗಿ ಚಕ್ರವನ್ನೇ ಎತ್ತಿಬಿಡುತ್ತಿದ್ದರು. ಎರಡೂ ಸ್ವಿಚ್ ಅಕ್ಕಪಕ್ಕ ಇದ್ದವು, ನೋಡಲೂ ಒಂದೇ ಥರ. ಅಲ್ಫೋನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಗಾಲಿ, ಫ್ಲ್ಯಾಪಿನದಕ್ಕೆ ಚಪ್ಪಟೆ ತುಂಡು ಅಂಟಿಸಿ ನೋಡಿದರು. ತಪ್ಪು ನಿಂತಿತು. ಇವತ್ತಿಗೂ ವಿಮಾನಗಳಲ್ಲಿ ಚಕ್ರದ ಹಿಡಿಕೆ ಗಾಲಿಯ ಆಕಾರದಲ್ಲೇ ಇರುತ್ತದೆ. ನಿಮ್ಮದು ಚಕ್ರ ಮಡಚದ ವಿಮಾನ ನಿಜ. ಆದರೆ ಫ್ಲ್ಯಾಪ್ ಸ್ವಿಚ್ಚೂ ಪಂಪಿನ ಸ್ವಿಚ್ಚೂ ಥ್ರಾಟಲ್ ಹತ್ತಿರವೇ ಬರುತ್ತವೆ. ರನ್‌ವೇ ಎದುರಿಗೆ ಇಳಿಯುತ್ತಿರುವಾಗ ಫ್ಲ್ಯಾಪ್ ಅಂದುಕೊಂಡು ಪಂಪ್ ಆಫ್ ಮಾಡುವುದು ಬೇಡ. ಫ್ಲ್ಯಾಪಿಗೆ ಅಗಲದ ಚಪ್ಪಟೆ ತಲೆಯ ಸ್ವಿಚ್ ಹಾಕಿ. ನಡುವೆ ಒಂದು ಬೆರಳು ಹಿಡಿಸುವಷ್ಟು ಜಾಗವನ್ನೂ ಬಿಡಿ.

ಮಾಸ್ಟರ್ (ಮುಖ್ಯ ವಿದ್ಯುತ್ ಸ್ವಿಚ್), ಆಲ್ಟರ್ನೇಟರ್, ಇಗ್ನಿಷನ್, ದೀಪಗಳು ಇವುಗಳ ಸ್ವಿಚ್ ಎಡತುದಿಯಲ್ಲಿ ಇರಲಿ. ಅವನ್ನು ಮುಟ್ಟುವುದು ಹೆಚ್ಚಾಗಿ ನೆಲದ ಮೇಲೆ ಇದ್ದಾಗ. ಆಟೋಪೈಲಟ್ ಬಿಡಿಸುವ ಗುಂಡಿ, ರೇಡಿಯೋದಲ್ಲಿ ಮಾತಾಡುವ ಗುಂಡಿ, ಸ್ಟಿಕ್ ಮೇಲಿನ ಒತ್ತಡ ಇಳಿಸುವ ಟ್ರಿಮ್ ಇವು ಸ್ಟಿಕ್ ಮೇಲೆಯೇ ಬೇಕು.

ಇನ್ನು ಸ್ಕ್ರೀನ್. ಪ್ಯಾನಲ್‌ನ ಎಡಭಾಗದ ಮಧ್ಯಕ್ಕೆ ಅಳೆದು ಕೂರಿಸಬೇಡಿ. ಸೀಟಿನಲ್ಲಿ ಕೂತು ಮೂಗಿನ ನೇರಕ್ಕೆ ಕೂರಿಸಿ. ಮೋಡದೊಳಗೆ ತಲೆಯನ್ನು ಜಾಸ್ತಿ ಆಚೀಚೆ ತಿರುಗಿಸಿದರೆ ಒಳಕಿವಿ ಮೋಸ ಮಾಡುತ್ತದೆ, ವಿಮಾನ ಉರುಳುತ್ತಿದೆ ಅನ್ನಿಸಿಬಿಡುತ್ತದೆ. ಹಾಗಾಗಿ ವೇಗ, ದಿಗಂತ, ಎತ್ತರ, ದಿಕ್ಕು ಈ ನಾಲ್ಕು ಕಣ್ಣು ಹೊರಳಿಸಿದಷ್ಟರಲ್ಲೇ ಕಾಣಬೇಕು. ಬ್ಯಾಕಪ್ ಉಪಕರಣವೂ ಅದರ ಪಕ್ಕದಲ್ಲೇ ಇರಲಿ. ಎಷ್ಟೋ ಜನ ಜಾಗ ಸಿಕ್ಕಿತು ಅಂತ ಅದನ್ನು ಬಲ ಸೀಟಿನ ಎದುರಿಗೆ ಹಾಕುತ್ತಾರೆ. ಮುಖ್ಯ ಸ್ಕ್ರೀನ್ ಕಪ್ಪಾದಾಗ ಅಷ್ಟು ದೂರ ನೋಡುತ್ತಾ ವಿಮಾನ ನೇರ ಇಟ್ಟುಕೊಳ್ಳುವುದು ಕಷ್ಟ. ಗಾರ್ಮಿನ್ ಜಿ5 ಥರದ್ದು 3 1/8 ಇಂಚಿನ ಹಳೆಯ ತೂತಿನಲ್ಲೇ ಕೂರುತ್ತದೆ, ಅದಕ್ಕೆ ತನ್ನದೇ ಬ್ಯಾಟರಿಯೂ ಸಿಗುತ್ತದೆ. ಎರಡು 10 ಇಂಚಿನ ಸ್ಕ್ರೀನ್, ನಡುವೆ ಆರೂಕಾಲು ಇಂಚು ಅಗಲದ ರೇಡಿಯೋಗಳು, ಇಷ್ಟು ಹಾಕಿದರೆ ಬ್ಯಾಕಪ್‌ಗೆ ಎಡಗಡೆ ಜಾಗ ಉಳಿಯುತ್ತದಾ ಅಂತ ಮೊದಲು ನೋಡಿ. ಉಳಿಯದಿದ್ದರೆ ಬಲಗಡೆ 7 ಇಂಚಿನದು ಸಾಕು. ನನ್ನದು ಹಾಗೇ ಇದೆ. ಇಂಜಿನ್ ಮಾಹಿತಿಗೂ ನಕ್ಷೆಗೂ ಅಷ್ಟು ಸಾಲುತ್ತದೆ.

ಟಚ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಬೇಸಿಗೆಯ ಮಧ್ಯಾಹ್ನ ಗಾಳಿ ಕುಲುಕುವಾಗ ಬೆರಳು ಬೇಕಾದ ಕಡೆ ಬೀಳುವುದಿಲ್ಲ. ಸ್ಕ್ರೀನಿನ ಅಂಚಿನಲ್ಲಿ ತಿರುಗಿಸುವ ನಾಬ್ ಇರುವಂಥದ್ದನ್ನೇ ಆರಿಸಿ. ಸ್ಕ್ರೀನಿನ ಕೆಳಗೆ ಹೆಬ್ಬೆರಳು ಊರಿ ಕೈ ನಿಲ್ಲಿಸಿಕೊಳ್ಳಲು ಸ್ವಲ್ಪ ಖಾಲಿ ಜಾಗ ಬಿಡಿ. ಓದುವ ಕನ್ನಡಕ ಹಾಕುವವರಾದರೆ ಕನ್ನಡಕ ಹಾಕಿಕೊಂಡೇ ನೋಡಿ. ಬೈಫೋಕಲ್‌ನಲ್ಲಿ ಪ್ಯಾನಲ್‌ನ ಮೇಲಿನ ಸಾಲು ಓದಲು ಗದ್ದ ಎತ್ತಬೇಕಾಗುತ್ತದೆ.

ಮುಂಭಾಗದಷ್ಟೇ ಹಿಂಭಾಗವೂ ಮುಖ್ಯ. ಪ್ಯಾನಲ್ ಹಿಂದೆ ಇನ್ನೊಂದು ಸಬ್-ಪ್ಯಾನಲ್ ಇದೆ, ಅದು ಫ್ಯೂಸ್‌ಲಾಜ್‌ಗೆ ಬಲ ಕೊಡುವ ಭಾಗ. ಉದ್ದದ ರೇಡಿಯೋ ಟ್ರೇ ಅದಕ್ಕೆ ಹೋಗಿ ತಾಗುತ್ತದೆ. ಟ್ರೇ ಉದ್ದವನ್ನಷ್ಟೇ ಅಳೆದರೆ ಸಾಲದು. ಹಿಂದೆ ಕನೆಕ್ಟರ್, ಬಾಗಿದ ವೈರು, ಆಂಟೆನಾ ಕೇಬಲ್ ಇವಕ್ಕೂ ಜಾಗ ಬೇಕು. ಕ್ಯಾನಪಿ, ಅಂದರೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಯಾವುದು ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೇಲಕ್ಕೆ ಎತ್ತುವ ಟಿಪ್-ಅಪ್ ಆದರೆ ಕ್ಯಾನಪಿ ಎತ್ತಿದಾಗ ಪ್ಯಾನಲ್ ಹಿಂಭಾಗ ಮೇಲಿನಿಂದಲೇ ಕೈಗೆ ಸಿಗುತ್ತದೆ, ಆದರೆ ಮಳೆಯಲ್ಲಿ ತೆರೆದರೆ ನೀರು ನೇರ ಉಪಕರಣಗಳ ಮೇಲೆ. ಹಿಂದಕ್ಕೆ ಜಾರಿಸುವ ಸ್ಲೈಡರ್ ಆದರೆ ಪ್ಯಾನಲ್ ಮೇಲಿನ ತಗಡು ರಿವೆಟ್ ಆಗಿಬಿಡುತ್ತದೆ. ಆಮೇಲೆ ಏನು ಮಾಡಬೇಕಾದರೂ ಸೀಟಿನ ಕೆಳಗೆ ಬೆನ್ನು ಕೊಟ್ಟು ಮಲಗಿ, ಪೆಡಲುಗಳ ನಡುವೆ ತಲೆ ತೂರಿಸಿ, ಮೇಲಕ್ಕೆ ಕೈ ಚಾಚಿ ಮಾಡಬೇಕು. ಅಂಥವರು ಪ್ಯಾನಲನ್ನು ಸ್ಕ್ರೂ ಬಿಚ್ಚಿದರೆ ಮುಂದಕ್ಕೆ ಬರುವ ಹಾಗೆ ಮೂರು ಭಾಗ ಮಾಡಿ, ವೈರುಗಳನ್ನು ಒಂದಿಷ್ಟು ಉದ್ದ ಬಿಟ್ಟು ಕಟ್ಟಿದರೆ ಮುಂದೆ ತುಂಬಾ ಅನುಕೂಲ.

ಕಾನೂನಿನ ಮಾತು ಚಿಕ್ಕದು. ಯಾವ ಉಪಕರಣ ಇರಲೇಬೇಕು ಅಂತ ಹೇಳುವ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ 91.205 ಬರೆದಿರುವುದು ಕಾರ್ಖಾನೆಯ ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ ವಿಮಾನಗಳಿಗೆ. ನಮ್ಮಂಥ ಮನೆಯಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನಕ್ಕೆ ರಾತ್ರಿ ಅಥವಾ ಐಎಫ್‌ಆರ್ (ಮೋಡದಲ್ಲಿ ಉಪಕರಣ ನೋಡಿಕೊಂಡೇ ಹಾರುವುದು) ಹಾರಬೇಕೆಂದರೆ ಆ ವಿಮಾನಕ್ಕೆ ಬರೆದುಕೊಡುವ ಷರತ್ತುಗಳ, ಅಂದರೆ ಆಪರೇಟಿಂಗ್ ಲಿಮಿಟೇಷನ್, ಮೂಲಕ ಅದು ಅನ್ವಯಿಸುತ್ತದೆ. ಹಗಲಷ್ಟೇ ಹಾರುವವರೂ ಆ ಪಟ್ಟಿಯನ್ನು ಪಾಲಿಸುವುದೇ ಒಳ್ಳೆಯದು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತ ಹಾರಬೇಕೆಂದರೆ 2020ರ ಜನವರಿಯಿಂದ ಎಡಿಎಸ್-ಬಿ ಔಟ್ (ವಿಮಾನ ಎಲ್ಲಿದೆ ಅಂತ ತಾನಾಗಿ ಪ್ರಸಾರ ಮಾಡುವ ಉಪಕರಣ) ಕಡ್ಡಾಯ. ಪ್ರಯಾಣಿಕರಿಗೆ ಎಚ್ಚರಿಕೆಯ ಫಲಕಕ್ಕೂ ಕಾಣುವ ಜಾಗ ಇಟ್ಟುಕೊಳ್ಳಿ, ಅದನ್ನು ಮರೆತವರು ಕೊನೆಗೆ ಎಲ್ಲೋ ಮೂಲೆಯಲ್ಲಿ ಅಂಟಿಸುತ್ತಾರೆ.

ಇದನ್ನೆಲ್ಲಾ ಕಾಗದದ ಮೇಲೆ ತೀರ್ಮಾನಿಸಲು ಆಗುವುದಿಲ್ಲ. ದಪ್ಪ ರಟ್ಟನ್ನು ಪ್ಯಾನಲ್ ಆಕಾರಕ್ಕೆ ಕತ್ತರಿಸಿ ಅದೇ ಜಾಗದಲ್ಲಿ ನಿಲ್ಲಿಸಿ. ತಯಾರಕರ ವೆಬ್‌ಸೈಟಿನಲ್ಲಿ ಸಿಗುವ ಚಿತ್ರಗಳನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಪಿನ್ ಚುಚ್ಚಿ. ಸೀಟಿನ ಮೆತ್ತೆ ಇನ್ನೂ ಬಂದಿಲ್ಲದಿದ್ದರೆ ಅಷ್ಟೇ ದಪ್ಪದ ಫೋಮ್ ಹಾಕಿ, ಇಲ್ಲದಿದ್ದರೆ ಕಣ್ಣಿನ ಎತ್ತರ ತಪ್ಪುತ್ತದೆ. ಭುಜದ ಬೆಲ್ಟ್ ಬಿಗಿ ಮಾಡಿಕೊಂಡೇ ಕೂರಿ. ಸಡಿಲ ಬೆಲ್ಟಿನಲ್ಲಿ ಎಲ್ಲವೂ ಕೈಗೆ ಸಿಗುತ್ತದೆ, ಬಿಗಿ ಮಾಡಿದ ತಕ್ಷಣ ನಾಲ್ಕು ಬೆರಳು ದೂರ ಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿ ಪಂಪ್, ಟ್ಯಾಂಕ್, ಮಿಕ್ಸ್‌ಚರ್ ಮುಟ್ಟಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋಗುವ ಹಾಗೆ ಹೋಗಬೇಕು. ತಡಕಾಡಿದರೆ ಪಿನ್ ಕಿತ್ತು ಬೇರೆ ಕಡೆ ಚುಚ್ಚಿ. ಸ್ಟಿಕ್ ಪೂರ್ತಿ ಮುಂದೆ ತಳ್ಳಿ, ಪಕ್ಕಕ್ಕೂ ತಳ್ಳಿ, ಮುಷ್ಟಿ ಯಾವ ಸ್ವಿಚ್ಚಿಗೂ ತಗಲಬಾರದು. ಮನೆಯವರನ್ನು ಬಲ ಸೀಟಿನಲ್ಲಿ ಕೂರಿಸಿ, ಅವರ ಮೊಣಕಾಲು ಯಾವುದಕ್ಕೆ ತಾಗುತ್ತದೆ ಕೇಳಿ. ಸಂಜೆ ಹೊತ್ತು ಟಾರ್ಚ್ ಹಿಡಿದೂ ಒಮ್ಮೆ ನೋಡಿ.

ಆ ರಟ್ಟು ಕೆಲವು ತಿಂಗಳು ಅಲ್ಲೇ ಇರಲಿ, ನೀವು ಉಳಿದ ಕೆಲಸ ಮಾಡುತ್ತಿರಿ. ಸೀಟ್, ಕ್ಯಾನಪಿ, ಥ್ರಾಟಲ್ ಕೇಬಲ್ ಎಲ್ಲಾ ಕೂತು, ರಟ್ಟಿನ ಮೇಲೆ ಬದಲಾವಣೆ ನಿಂತ ಮೇಲೆ ಸ್ಕ್ರೀನ್ ಆರ್ಡರ್ ಮಾಡಿ, ಅಲ್ಯೂಮಿನಿಯಂ ಕತ್ತರಿಸಲು ಕೊಡಿ. ಅಷ್ಟರಲ್ಲಿ ಹೊಸ ಮಾಡೆಲ್ ಬಂದಿದ್ದರೂ ಬಂದಿರಬಹುದು, ವಾರಂಟಿಯೂ ಗ್ಯಾರೇಜಿನಲ್ಲಿ ಡಬ್ಬಿಯೊಳಗೆ ಮುಗಿದುಹೋಗುವುದಿಲ್ಲ.

ನಿಮ್ಮದು ಟಿಪ್-ಅಪ್ಪಾ, ಸ್ಲೈಡರಾ? ಐಎಫ್‌ಆರ್ ಹಾರುವ ಯೋಚನೆ ಇದೆಯಾ? ಇವೆರಡನ್ನು ತಿಳಿಸಿ, ರಟ್ಟಿನ ಫೋಟೋ ಇದ್ದರೆ ಅದನ್ನೂ ಹಾಕಿ. ಬ್ಯಾಕಪ್ ಬ್ಯಾಟರಿ ಮತ್ತು ಫ್ಯೂಸ್‌ಗಳನ್ನು ಎಲ್ಲಿಡಬೇಕು ಅನ್ನುವುದನ್ನು ಅದಕ್ಕೆ ತಕ್ಕ ಹಾಗೆ ಬರೆಯುತ್ತೇನೆ.