ರೋಮನ್ ಸೆಂಚುರಿಯನ್ ಕೈಕೆಳಗೆ ನಿಜವಾಗಿ 100 ಸೈನಿಕರು ಇರುತ್ತಿದ್ದರಾ?

ಇಲ್ಲ, ಸಾಮಾನ್ಯವಾಗಿ 80 ಜನ. ಸೆಂಚುರಿಯನ್ ಅಂದರೆ ರೋಮನ್ ಸೈನ್ಯದಲ್ಲಿ ಸೆಂಚುರಿ ಎಂಬ ತುಕಡಿಯ ನಾಯಕ. ಹೆಸರಲ್ಲೇ ನೂರು ಇದೆ, ಹಾಗಾಗಿ ಗೊಂದಲ ಸಹಜ ಅಲ್ವಾ? ಚಕ್ರವರ್ತಿಗಳ ಕಾಲದಲ್ಲಿ ಒಂದು ಡೇರೆಗೆ 8 ಸೈನಿಕರು. ಅಂಥ 10 ಡೇರೆ ಸೇರಿದರೆ ಒಂದು ಸೆಂಚುರಿ. 6 ಸೆಂಚುರಿಗೆ ಒಂದು ಕೊಹಾರ್ಟ್, 10 ಕೊಹಾರ್ಟ್‌ಗೆ ಒಂದು ಲೀಜನ್.

ಸೆಂಚುರಿಯನ್‌ನನ್ನು ದೂರದಿಂದಲೇ ಗುರುತಿಸಬಹುದಿತ್ತು. ತಲೆಯ ಮೇಲೆ ಕಿವಿಯಿಂದ ಕಿವಿಗೆ ಅಡ್ಡಲಾಗಿ ನಿಂತ ತುರಾಯಿ, ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಕೋಲು. ಆ ಕೋಲು ಸುಮ್ನೆ ಶೋಕಿಗಲ್ಲ. ಲುಸಿಲಿಯಸ್ ಎಂಬ ಸೆಂಚುರಿಯನ್ ಅದನ್ನು ಸೈನಿಕನ ಬೆನ್ನ ಮೇಲೆ ಮುರಿದು, "ಇನ್ನೊಂದು ಕೊಡಿ" ಅಂತ ಕೂಗುತ್ತಿದ್ದನಂತೆ. ಕೊನೆಗೆ ಅದೇ ಅವನ ಅಡ್ಡಹೆಸರಾಯಿತು. ಕ್ರಿ.ಶ. 14ರಲ್ಲಿ ದಂಗೆಯೆದ್ದ ಸೈನಿಕರು ಅವನನ್ನು ಕೊಂದೇಬಿಟ್ಟರು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.