ದೇವರು ಸೇವೆಗೆ ಕರೆಯುತ್ತಿದ್ದಾನೆ ಎನಿಸುತ್ತದೆ, ಆದರೆ ಮಾತನಾಡಲು ನಿಂತರೆ ನಾಲಿಗೆ ಹೊರಳುವುದಿಲ್ಲ. ಏನು ಮಾಡಲಿ?

ಬ್ಯಾಂಕಿನ ಕೆಲಸ ಬಿಟ್ಟು ಸಭಾಪಾಲನೆಗೆ, ಅಂದರೆ ಚರ್ಚಿನ ಪಾದ್ರಿಯ ಸೇವೆಗೆ, ಬರಬೇಕೆಂಬ ತುಡಿತ ನಿಮ್ಮನ್ನು ಬಿಡುತ್ತಿಲ್ಲ. ಯೌವನಸ್ಥರ ಕೂಟದಲ್ಲಿ ವಾಕ್ಯ ಓದುವಾಗ ಮಾತು ತಡವರಿಸಿ, ಕೂತವರು ನಕ್ಕ ನೆನಪೂ ಬಿಡುತ್ತಿಲ್ಲ. ಕರೆ ನಿಜವೇ ಆಗಿದ್ದರೆ ಇಷ್ಟು ಭಯವೇಕೆ ಎಂದು ಕೇಳಿದ್ದೀರಿ. ನಾನು ಹಳ್ಳಿಯೊಂದರ ಸಭೆಯಲ್ಲಿ ಸಭಾಪಾಲಕನಾಗಿದ್ದೇನೆ. ಭಯವಿದೆ ಎಂಬ ಕಾರಣಕ್ಕೆ ಕರೆ ಸುಳ್ಳಾಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸತ್ಯವೇದದ (ಬೈಬಲಿನ) ವಿಮೋಚನಕಾಂಡದ 2ನೇ ಅಧ್ಯಾಯದಿಂದ 5ರ ಕೊನೆಯವರೆಗೆ ಒಂದೇ ಸಲಕ್ಕೆ ಕೂತು ಓದಿ. ಉರಿಯುವ ಪೊದೆಯೊಳಗಿಂದ ದೇವರು ಮೋಶೆಯನ್ನು ಕರೆದದ್ದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೂ ಮೊದಲು ಮೋಶೆಗೆ ಆದ ಅವಮಾನ ನೆನಪಿರುವುದಿಲ್ಲ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮರಾಗಿದ್ದ ತನ್ನ ಇಬ್ರಿಯ ಜನರಲ್ಲೊಬ್ಬನನ್ನು ಹೊಡೆಯುತ್ತಿದ್ದ ಐಗುಪ್ತ್ಯನನ್ನು ಅವನು ಕೊಂದಿದ್ದ. ಮರುದಿನ ಇಬ್ಬರು ಇಬ್ರಿಯರ ಜಗಳ ಬಿಡಿಸಲು ಹೋದಾಗ, ನಮ್ಮ ಮೇಲೆ ನಿನಗೆ ಅಧಿಕಾರ ಕೊಟ್ಟವರು ಯಾರು ಎಂದು ಅವರಲ್ಲೊಬ್ಬ ಮುಖಕ್ಕೇ ಕೇಳಿದ. ಅಲ್ಲಿಂದ ಓಡಿ ಮಿದ್ಯಾನ್ ದೇಶಕ್ಕೆ ಹೋದವನು ಮಾವ ಇತ್ರೋನನ ಕುರಿ ಕಾಯುತ್ತಾ ಉಳಿದ. ಸತ್ಯವೇದದ ಇನ್ನೊಂದು ಪುಸ್ತಕವಾದ ಅಪೊಸ್ತಲರ ಕೃತ್ಯಗಳು 7ನೇ ಅಧ್ಯಾಯದ ಪ್ರಕಾರ ಹೀಗೆ 40 ವರ್ಷ ಕಳೆಯಿತು. ಹೋರೇಬ್ ಬೆಟ್ಟದಲ್ಲಿ ದೇವರು, ನನ್ನ ಜನರನ್ನು ಬಿಡಿಸಲು ನಿನ್ನನ್ನು ಐಗುಪ್ತದ ಅರಸ ಫರೋಹನ ಬಳಿಗೆ ಕಳುಹಿಸುತ್ತೇನೆ ಎಂದಾಗ ಅವನು ಕೊಟ್ಟ ಮೊದಲ ಉತ್ತರ, ಫರೋಹನ ಬಳಿಗೆ ಹೋಗಲು ನಾನೆಷ್ಟರವನು ಎಂಬುದು. ಅದು ಬರಿಯ ವಿನಯ ಎಂದು ನನಗೆ ಅನಿಸುವುದಿಲ್ಲ. ಹಿಂದೊಮ್ಮೆ ಮುಂದೆ ಬಂದು ತಿರಸ್ಕಾರ ಉಂಡವನ ಮಾತದು. ನಿಮ್ಮ ಭಯಕ್ಕೂ ಒಂದು ಹುಟ್ಟಿದ ಜಾಗವಿದೆ. ಅದನ್ನು ನೀವೇ ಬರೆದಿದ್ದೀರಿ.

ಇದಕ್ಕೆ ದೇವರು ಕೊಟ್ಟ ಉತ್ತರವನ್ನು ಗಮನಿಸಿ. ನೀನು ಯೋಗ್ಯ, ನೀನು ಸಮರ್ಥ ಎಂದು ಆತನು ಹೇಳಲಿಲ್ಲ. ಮೋಶೆಯ ಯೋಗ್ಯತೆಯ ಚರ್ಚೆಗೇ ಇಳಿಯದೆ, ನಾನು ನಿನ್ನ ಸಂಗಡ ಇರುತ್ತೇನೆ ಎಂದನು. ಒಂದು ಗುರುತನ್ನೂ ಕೊಟ್ಟನು: ಜನರನ್ನು ಬಿಡಿಸಿ ತಂದ ಮೇಲೆ ನೀವೆಲ್ಲರೂ ಇದೇ ಬೆಟ್ಟದಲ್ಲಿ ನನ್ನನ್ನು ಆರಾಧಿಸುವಿರಿ. ಅಂದರೆ ಆ ಗುರುತು ಕಾಣುವುದು ಹೋಗಿ ಬಂದ ಮೇಲೆ! ನೂರಕ್ಕೆ ನೂರು ಖಚಿತವಾದ ಮೇಲೆಯೇ ಹೆಜ್ಜೆ ಇಡುತ್ತೇನೆ ಎಂದು ಬರೆದಿದ್ದೀರಲ್ಲ, ಆ ಖಚಿತತೆ ಮೋಶೆಗೂ ಮುಂಗಡವಾಗಿ ಸಿಗಲಿಲ್ಲ.

ಮುಂದೆಯೂ ಅವನು ಹಿಂಜರಿಯುತ್ತಲೇ ಹೋಗುತ್ತಾನೆ. ನಿನ್ನ ಹೆಸರೇನೆಂದು ಹೇಳಲಿ, ಅವರು ನಂಬದಿದ್ದರೆ, ನನ್ನ ನಾಲಿಗೆ ಮಂದ. ಒಂದೊಂದಕ್ಕೂ ದೇವರು ತಾಳ್ಮೆಯಿಂದ ಉತ್ತರಿಸುತ್ತಾನೆ. ಕೈಯಲ್ಲಿದ್ದ ಕುರುಬನ ಕೋಲನ್ನೇ ಬಳಸುತ್ತಾನೆ. ಅದು ಹಾವಾದಾಗ ಮೋಶೆ ಹೆದರಿ ಓಡುತ್ತಾನೆ, ಅದನ್ನೂ ಸತ್ಯವೇದ ಮುಚ್ಚಿಡುವುದಿಲ್ಲ. ದೇವರಿಗೆ ಕೋಪ ಬಂದದ್ದು ಐದನೆಯ ಮಾತಿಗೆ, ಬೇರೆ ಯಾರನ್ನಾದರೂ ಕಳುಹಿಸು ಎಂದಾಗ. ಹೆದರಿಕೆಗೆ ಸಿಟ್ಟಾಗದವನು ನಿರಾಕರಣೆಗೆ ಸಿಟ್ಟಾದನು. ಆ ಸಿಟ್ಟಿನಲ್ಲಿಯೂ ಅವನನ್ನು ಕೈಬಿಡದೆ, ನಿನ್ನ ಅಣ್ಣ ಆರೋನ ಚೆನ್ನಾಗಿ ಮಾತನಾಡಬಲ್ಲ, ನಿನ್ನನ್ನು ಎದುರುಗೊಳ್ಳಲು ಈಗಾಗಲೇ ಹೊರಟಿದ್ದಾನೆ ಎಂದನು. ನಾಲಿಗೆಯನ್ನು ಒಮ್ಮೆಗೇ ಸರಿಪಡಿಸದೆ ಜೊತೆಗೊಬ್ಬನನ್ನು ಕೊಟ್ಟನು. ನಾನು ಯಾರಿಗಾದರೂ ಸೇವೆಯ ಬಗ್ಗೆ ಹೇಳುವಾಗ ಈ ಭಾಗವನ್ನು ಬಿಡುವುದೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಇಷ್ಟೆಲ್ಲ ಕಂಡು ಕೇಳಿದ ಮೋಶೆ ಬೆಟ್ಟದಿಂದ ನೇರವಾಗಿ ಐಗುಪ್ತಕ್ಕೆ ಹೊರಡಲಿಲ್ಲ. ಮಾವನ ಹತ್ತಿರ ಹೋಗಿ ಅಪ್ಪಣೆ ಕೇಳಿದ. ನಾಳೆಯೇ ರಾಜೀನಾಮೆ ಕೊಡಲೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಬೇಡ. ತಾಯಿಗೆ ಹೇಳಿ. ನಿಮ್ಮ ಸಭಾಪಾಲಕರಾದ ಅಯ್ಯನವರಿಗೂ ಸಭೆಯ ಹಿರಿಯರಿಗೂ ಹೇಳಿ. ಸಭಾಪಾಲನೆಗೆ ಬರುವವರನ್ನು ಸಭೆಯೂ ಡಯಾಸಿಸೂ (ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆಗಳ ಪ್ರಾಂತ) ಪರೀಕ್ಷಿಸುವುದು ಬರೀ ಕಾಗದಪತ್ರದ ಕೆಲಸವಲ್ಲ. ಒಬ್ಬರ ಒಳಗೆ ಕೇಳಿದ್ದನ್ನು ಹಲವರು ಕೂಡಿ ತೂಗುವ ಕ್ರಮ. ಹಿರಿಯರಿಂದ ಮುಚ್ಚಿಡು ಎಂದೋ ಊಟ ನಿದ್ರೆ ಬಿಡು ಎಂದೋ ಒಳಗಿನ ಧ್ವನಿ ಒತ್ತಾಯಿಸುತ್ತಿದ್ದರೆ ಅದನ್ನು ದೇವರ ಕರೆ ಎಂದು ಒಪ್ಪಿಕೊಳ್ಳಬೇಡಿ, ವೈದ್ಯರನ್ನು ಕಾಣಿರಿ.

ಮದರ್ ತೆರೇಸಾ ಅವರಿಗೂ ಹೀಗೆ ಕಾಯಬೇಕಾಯಿತು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ಕರೆ ಬಂತು. ಲೊರೆಟೊ ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಸ್ಥೆಯಲ್ಲಿ ಅವರು ನೆಮ್ಮದಿಯಿಂದಿದ್ದರು. ಅದನ್ನು ಬಿಟ್ಟು ಬಡವರ ನಡುವೆ ಬದುಕುವ ಭಯವನ್ನೂ ತಮ್ಮ ಅಯೋಗ್ಯತೆಯನ್ನೂ ಆರ್ಚ್‌ಬಿಷಪ್ಪರಿಗೆ ಪತ್ರದಲ್ಲಿ ಬಿಚ್ಚಿ ಬರೆದರು. ಆರ್ಚ್‌ಬಿಷಪ್ಪರು ಆತುರಪಡಲಿಲ್ಲ. 1948ರಲ್ಲಿ ಅನುಮತಿ ಸಿಕ್ಕಿದ ಮೇಲೂ ತೆರೇಸಾ ಅವರು ಮೊದಲು ಪಟ್ನಾಕ್ಕೆ ಹೋಗಿ ರೋಗಿಗಳ ಆರೈಕೆಯ ತರಬೇತಿ ಪಡೆದು, ಆಮೇಲೆ ಕೊಲ್ಕತ್ತಾದ ಬೀದಿಗಿಳಿದರು.

ಹೋದ ಮೇಲೆ ಎಲ್ಲವೂ ಸರಾಗವಾಗುತ್ತದೆ ಎಂದು ನಿಮಗೆ ಸುಳ್ಳು ಭರವಸೆ ಕೊಡಲಾರೆ. ಮೋಶೆ ಫರೋಹನ ಮುಂದೆ ಮೊದಲ ಸಲ ನಿಂತು ಬಂದ ಮೇಲೆ ಆದದ್ದೇನು? ಇಟ್ಟಿಗೆ ಮಾಡುವವರಿಗೆ ಹುಲ್ಲು ಕೊಡುವುದು ನಿಂತಿತು, ಇಟ್ಟಿಗೆಯ ಲೆಕ್ಕ ಮಾತ್ರ ಇಳಿಯಲಿಲ್ಲ. ಜನ ಅವನನ್ನೇ ಶಪಿಸಿದರು. ನನ್ನನ್ನು ಯಾಕೆ ಕಳುಹಿಸಿದೆ ಎಂದು ಅವನು ದೇವರನ್ನೇ ಕೇಳಿದ. ನಾನು ಪ್ರತಿ ಭಾನುವಾರ ಪೀಠಕ್ಕೆ ಏರುವಾಗ ಈಗಲೂ ಅಂಗೈ ಬೆವರುತ್ತದೆ. ಸಾವಿನ ಮನೆಗೆ ಹೋಗಿ ಕೂರುವಾಗಲಂತೂ ಯಾವ ಮಾತೂ ತೋಚುವುದಿಲ್ಲ. ಆದರೂ ಹೋಗುತ್ತೇನೆ, ಏಕೆಂದರೆ ಆ ಮನೆಯವರಿಗೆ ಒಬ್ಬರು ಬಂದು ಕೂರಬೇಕಾಗಿರುತ್ತದೆ.

ಸದ್ಯಕ್ಕೆ ಬ್ಯಾಂಕಿನ ಕೆಲಸದಲ್ಲಿಯೇ ಇದ್ದು ಸಂಡೇ ಸ್ಕೂಲಿನ ಪುಟ್ಟ ಮಕ್ಕಳ ತರಗತಿಯೊಂದನ್ನು ಕೇಳಿ ತೆಗೆದುಕೊಳ್ಳಿ. ಅಯ್ಯನವರು ರೋಗಿಗಳನ್ನು ನೋಡಲು ಹೊರಟಾಗ ಜೊತೆಗೆ ಹೋಗಿ; ಅಲ್ಲಿ ಮಾತಿಗಿಂತ ಕೇಳಿಸಿಕೊಳ್ಳುವುದೇ ಹೆಚ್ಚು. ಒಂದು ವರ್ಷ ಹೀಗೆ ನಡೆದ ಮೇಲೆ ನಿಮ್ಮ ತುಡಿತ ಬೆಳೆದಿದೆಯೋ ಕರಗಿದೆಯೋ ನಿಮಗೂ ತಿಳಿಯುತ್ತದೆ, ಸಭೆಗೂ ತಿಳಿಯುತ್ತದೆ. ಅಯ್ಯನವರ ಎದುರು ಕೂತಾಗ ಮಾತು ಕಟ್ಟಿಹೋಗುತ್ತದೆ ಎಂಬ ಅಳುಕಿದ್ದರೆ, ನನಗೆ ಬರೆದದ್ದನ್ನೇ ಒಂದು ಹಾಳೆಗೆ ಇಳಿಸಿ ಅವರ ಕೈಗೆ ಕೊಡಿ.